ಹೊಳೆ ಗುಂಪು: ಮೂರು ಮಳೆಗಾಲ ಬಳಸಿದ ಮೇಲೆ

ನನ್ನ ತವರು ಮಹಾರಾಷ್ಟ್ರದ ಶಿರೋಳ ತಾಲ್ಲೂಕು, ಕೊಟ್ಟ ಮನೆ ಕರ್ನಾಟಕದ ಚಿಕ್ಕೋಡಿ ತಾಲ್ಲೂಕು. ನಡುವೆ ದೂಧಗಂಗೆ ಹೊಳೆ. ಬೇಸಿಗೆಯಲ್ಲಿ ಬಂಧಾರದ (ಹೊಳೆಗೆ ಅಡ್ಡ ಕಟ್ಟಿದ ತಗ್ಗು ಒಡ್ಡು) ಮೇಲೆ ಹಾದು ಹೋಗಿ, ಅವ್ವನ ಕೈಯ ಚಹಾ ಕುಡಿದು, ಸಂಜೆ ಹಾಲು ಹಿಂಡುವ ಹೊತ್ತಿಗೆ ವಾಪಸ್ ಬಂದಿರುತ್ತೇನೆ. ಮಳೆಗಾಲದಲ್ಲಿ ಬಂಧಾರ ಮುಳುಗಿತೆಂದರೆ ಅದೇ ತವರಿಗೆ ಊರೂರು ಸುತ್ತಬೇಕು. ಮನೆಯಲ್ಲಿ ಆರು ಎಮ್ಮೆ ಇವೆ. ಹೊಳೆ ಎಷ್ಟು ಏರಿತು ಎಂಬುದು ಜುಲೈ, ಆಗಸ್ಟ್‌ನಲ್ಲಿ ನಮಗೆ ಉಪ್ಪು ಎಣ್ಣೆಯಷ್ಟೇ ಅಗತ್ಯದ ಸುದ್ದಿ.

ನಮ್ಮ ಪಂಚಾಯಿತಿಯೂ ಆಚೆ ದಡದ ಮಹಾರಾಷ್ಟ್ರದ ಪಂಚಾಯಿತಿಯೂ ಸೇರಿ ಮಳೆಗಾಲಕ್ಕೆಂದು ಒಂದು ವಾಟ್ಸ್‌ಆ್ಯಪ್ ಗುಂಪು ನಡೆಸುತ್ತಾರೆ. ಊರವರ ಬಾಯಲ್ಲಿ ಅದು ‘ಹೊಳೆ ಗುಂಪು’. ಇಲ್ಲಿಯ ಪಿಡಿಒ, ಅಲ್ಲಿಯ ಗ್ರಾಮಸೇವಕ, ಎರಡೂ ಕಡೆಯ ತಲಾಟಿಗಳು, ದೋಣಿಯವರು, ಟ್ರ್ಯಾಕ್ಟರ್ ಇದ್ದವರು, ಡೇರಿಯವರು, ಆಶಾ ಕಾರ್ಯಕರ್ತೆಯರು ಅದರಲ್ಲಿದ್ದಾರೆ. ಮೂರು ಮಳೆಗಾಲ ಅದನ್ನೇ ನಂಬಿ ಮನೆ ನಡೆಸಿದ್ದೇನೆ.

ಬೆಳಿಗ್ಗೆ ಆರಕ್ಕೆ ಮೊದಲ ಸಂದೇಶ: ಕೃಷ್ಣೆಯ ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್ಸ್, ದೂಧಗಂಗೆಯಿಂದ ಇಷ್ಟು, ಎರಡೂ ಕೂಡುವ ಕಲ್ಲೋಳ ಹತ್ತಿರ ಒಟ್ಟು ಇಷ್ಟು. ಪಂಚಗಂಗೆ ನರಸೋಬವಾಡಿಯಲ್ಲೇ ಕೃಷ್ಣೆಗೆ ಕೂಡುವುದರಿಂದ ರಾಜಾಪುರದ ಲೆಕ್ಕದಲ್ಲಿ ಎರಡೂ ಹೊಳೆಯ ನೀರು ಬಂದುಹೋಯಿತು. ವೇದಗಂಗೆ ಮೊದಲೇ ದೂಧಗಂಗೆಗೆ ಸೇರಿರುತ್ತದೆ. ಅದಕ್ಕೇ ಕಲ್ಲೋಳದ ಒಂದು ಅಂಕಿ ನೋಡಿದರೆ ಕೆಳಗಿನವರಿಗೆ ಎಲ್ಲಾ ತಿಳಿಯುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲೀಟರ್. ‘ಎರಡು ಕೊಡ ನೀರು’ ಎಂದು ಅತ್ತೆಗೆ ಹೇಳಿಕೊಟ್ಟಿದ್ದೇನೆ. ಲಕ್ಷ ದಾಟಿದ ದಿನ ಅವರು ಲಕ್ಷದ ಮೇಲೆ ಎರಡೆರಡು ಕೊಡ ಎಣಿಸಿ ಸುಮ್ಮನಾಗುತ್ತಾರೆ.

ಈ ಕಡೆ ಕ್ಯೂಸೆಕ್ಸ್ ಮಾತು, ಆ ಕಡೆ ಫೂಟಿನ ಮಾತು. ಕೊಲ್ಹಾಪುರದಲ್ಲಿ ಪಂಚಗಂಗೆಯ ರಾಜಾರಾಮ ಬಂಧಾರದಲ್ಲಿ 39 ಫೂಟಿಗೆ ಎಚ್ಚರಿಕೆ, 43ಕ್ಕೆ ಅಪಾಯ. ಸಾಂಗಲಿಯಲ್ಲಿ ಕೃಷ್ಣೆಯ ಇರ್ವಿನ್ ಸೇತುವೆಯಲ್ಲಿ 40 ಮತ್ತು 45. ನನ್ನ ತಮ್ಮನಿಗೆ ಫೂಟು ಹೇಳಿದರೆ ಸಾಕು, ಮನೆಯ ಯಾವ ಮೆಟ್ಟಿಲವರೆಗೆ ನೀರು ಎಂದು ಹೇಳಿಬಿಡುತ್ತಾನೆ. ಈ ಗುಂಪಿನಲ್ಲಿ ಎರಡೂ ಲೆಕ್ಕ ಒಂದೇ ಸಂದೇಶದಲ್ಲಿ ಬರುತ್ತವೆ. ನನಗೆ ಅತ್ಯಂತ ಹಿಡಿಸಿದ್ದು ಇದೇ. ರಾಜಾರಾಮದ ಫೂಟು ಇವತ್ತು ಏರಿದರೆ ನಾಳೆ ಕೃಷ್ಣೆ ಏರುತ್ತದೆ. ಕೃಷ್ಣೆ ತುಂಬಿತೆಂದರೆ ನಮ್ಮ ದೂಧಗಂಗೆ ಮುಂದೆ ಹರಿಯಲು ಜಾಗವಿಲ್ಲದೆ ಹಿಂದಕ್ಕೆ ಒತ್ತಿ ಹೊಲಕ್ಕೆ ನುಗ್ಗುತ್ತದೆ. ಮೇಲೆ ಕಾಳಮ್ಮವಾಡಿ ಜಲಾಶಯದಿಂದ ಹನಿ ನೀರು ಬಿಡದಿದ್ದರೂ ಹೀಗಾಗಬಹುದು. ಇದು ಗೊತ್ತಿಲ್ಲದವರು ‘ಇಲ್ಲಿ ಮಳೆ ನಿಂತಿದೆಯಲ್ಲ’ ಎಂದು ಮಲಗುತ್ತಾರೆ.

2019ರ ಆಗಸ್ಟ್‌ನಲ್ಲಿ ನಾವೂ ಹಾಗೇ ಮಲಗಿದ್ದೆವು. ಆಗ ಗುಂಪು ಇರಲಿಲ್ಲ. ತಮ್ಮ ಫೋನ್ ಮಾಡಿದ: “ಅಕ್ಕಾ, ವಾಡಿ ದತ್ತನ ಗುಡಿ ಮುಳಗೈತಿ, ನೀವು ಎಮ್ಮಿ ಹೊಡಕೊಂಡು ಮ್ಯಾಲ ಹೋಗ್ರಿ.” ನರಸೋಬವಾಡಿಯಲ್ಲಿ ಪಾದುಕೆಗಳ ಮೇಲೆ ಹರಿದ ನೀರು ದಕ್ಷಿಣದ ಬಾಗಿಲಿಂದ ಹೊರಬಿದ್ದರೆ ಜನ ಭಕ್ತಿಯಿಂದ ಸ್ನಾನ ಮಾಡುತ್ತಾರೆ, ನಮ್ಮ ಹಿರಿಯರಿಗೆ ಅದೇ ಅಳತೆಕೋಲೂ ಆಗಿತ್ತು. ನಮ್ಮೂರಲ್ಲಿ ಡಂಗುರ ಸಾರುವಷ್ಟರಲ್ಲಿ ಕಬ್ಬಿನೊಳಗೆ ನೀರು ನಿಂತಿತ್ತು. ಒಂದು ಎಮ್ಮೆ, ಎರಡು ಕರು ಉಳಿಯಲಿಲ್ಲ. ಆ ವರ್ಷ ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್ಸ್‌ಗೂ ಹೆಚ್ಚು ಬಿಟ್ಟರು. ಸಾಂಗಲಿ ಮುಳುಗಿದ್ದಕ್ಕೆ ಆಲಮಟ್ಟಿಯ ಹಿನ್ನೀರು ಕಾರಣ ಎಂದು ಆ ಕಡೆಯವರು, ಮಹಾರಾಷ್ಟ್ರದ ಕೊಯ್ನಾ ಜಲಾಶಯದ ನೀರು ಒಮ್ಮೆಲೇ ಬಿಟ್ಟರು ಎಂದು ಈ ಕಡೆಯವರು. 2021ರ ಜೂನ್‌ನಲ್ಲಿ ಮಹಾರಾಷ್ಟ್ರದ ಸಚಿವ ಜಯಂತ ಪಾಟೀಲರು ಬೆಂಗಳೂರಿಗೆ ಬಂದು ಮುಖ್ಯಮಂತ್ರಿ ಯಡಿಯೂರಪ್ಪನವರ ಜೊತೆ ಪ್ರವಾಹದ ವಿಷಯ ಕೂತು ಮಾತಾಡಿದರು. ಮುಂದಿನ ತಿಂಗಳೇ ಮತ್ತೆ ಮಹಾಪೂರ. ಜಲಾಶಯದ ಲೆಕ್ಕ ಸರ್ಕಾರಗಳೇ ಕೂತು ಬಗೆಹರಿಸಬೇಕು, ಒಪ್ಪುತ್ತೇನೆ. ನಮ್ಮ ಬಂಧಾರ ಎಷ್ಟು ಗಂಟೆಗೆ ಮುಳುಗುತ್ತದೆ ಎಂಬುದನ್ನು ಮಾತ್ರ ಅದರ ಪಕ್ಕದಲ್ಲಿರುವವರೇ ಹೇಳಬೇಕು.

ಗುಂಪಿನಲ್ಲಿ ಆಲಮಟ್ಟಿ, ಕೊಯ್ನಾ ಜಗಳ ತರುವಂತಿಲ್ಲ, ಗಡಿ ವಿಷಯವಂತೂ ಬೇಡವೇ ಬೇಡ ಎಂದು ಮೊದಲ ದಿನವೇ ಹೇಳಿದ್ದರು. ಒಮ್ಮೆ ಇಬ್ಬರು ತಪ್ಪಿದರು, ಅವತ್ತೇ ಹೊರಗೆ ಹಾಕಿದರು. ಸರಿಯಾಗೇ ಮಾಡಿದರು.

ಕಳೆದ ಮಳೆಗಾಲದ ಒಂದು ರಾತ್ರಿ ತೋಟದ ವಸತಿಯಲ್ಲಿದ್ದ ಬಸುರಿಗೆ ನೋವು ಬಂತು. ನಮ್ಮ ಕಡೆಯ ರಸ್ತೆ ನೀರಿನಡಿ ಇತ್ತು. ಗುಂಪಿನ ನಂಬರು ಹುಡುಕಿ ಆಚೆ ದಡದ ಗ್ರಾಮಸೇವಕರಿಗೇ ನೇರ ಫೋನ್ ಮಾಡಿದೆವು. ದೋಣಿ ಆ ದಡ ಮುಟ್ಟುವಾಗ ಅಲ್ಲಿ ಅಂಬುಲೆನ್ಸ್ ನಿಂತಿತ್ತು. ಯಾವ ರಾಜ್ಯದವಳು ಎಂದು ಯಾರೂ ಕೇಳಲಿಲ್ಲ. ಮಗು ಈಗ ಅಂಬೆಗಾಲಿಡುತ್ತಿದೆ.

ಕೊರತೆ ಇಲ್ಲವೆನ್ನಲಾರೆ. ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಗುಂಪು ಮೌನ, ಹೊಳೆ ಏರುವುದು ಮಾತ್ರ ಹೆಚ್ಚಾಗಿ ರಾತ್ರಿಯೇ. ಪಾಳಿಯ ಮೇಲೆ ಇಬ್ಬರು ಎಚ್ಚರವಿದ್ದರೆ ಸಾಕು. ಆ ಕಡೆಯ ಧ್ವನಿ ಸಂದೇಶಗಳು ಮರಾಠಿಯಲ್ಲೇ ಬರುತ್ತವೆ. ನನಗೆ ಸಲೀಸು, ನನ್ನ ಓರಗಿತ್ತಿಗೆ ಅರ್ಧ ಅರ್ಥ. ಹಳೆಯ ಪೂರದ ವಿಡಿಯೊಗಳನ್ನು ಇವತ್ತಿನದೆಂದು ಕಳಿಸಿ ಗಾಬರಿ ಹುಟ್ಟಿಸುವವರಿಗೆ ಇನ್ನೂ ಕಡಿವಾಣ ಬಿದ್ದಿಲ್ಲ. ಫೋನ್ ಇಲ್ಲದ ಮುದುಕರಿಗಾಗಿ ಆಚೆ ದಡದಲ್ಲಿ ಗುಡಿಯ ಮೈಕಿನಲ್ಲಿ ಸಂದೇಶ ಓದುತ್ತಾರೆ. ನಮ್ಮೂರಲ್ಲಿ ಅದು ಇನ್ನೂ ಶುರುವಾಗಿಲ್ಲ. ಕಾಳಜಿ ಕೇಂದ್ರ ಎಲ್ಲಿ ಎಂದು ತಿಳಿಸುತ್ತಾರೆ, ದನ ಎಲ್ಲಿ ಕಟ್ಟಬೇಕು, ಮೇವು ಯಾರು ಕೊಡುತ್ತಾರೆ ಎಂಬುದನ್ನು ಕೇಳಿ ಕೇಳಿ ತಿಳಿಯಬೇಕು. ಎಮ್ಮೆ ಬಿಟ್ಟು ನಾವ್ಯಾರೂ ಮನೆಯಿಂದ ಏಳುವುದಿಲ್ಲ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಜೂನ್ ಮೊದಲ ವಾರ ಎರಡೂ ಪಂಚಾಯಿತಿಯವರು ಬಂಧಾರದ ಮೇಲೆ ಸೇರಿ ಫೋನ್ ನಂಬರುಗಳನ್ನು ತಾಳೆ ನೋಡುತ್ತಾರೆ. ಹೊಳೆದಂಡೆಯವರಾದರೆ ಆ ದಿನ ಹೋಗಿ ಹೆಸರು ಬರೆಸಿ. ಮನೆಯಲ್ಲಿ ನಡೆಯಲಾರದವರು ಎಷ್ಟು ಜನ, ಎಮ್ಮೆ ಎಷ್ಟು ಎಂಬುದನ್ನೂ ಬರೆಸಿ.