ಹರಿದ ಓಟದ ಶೂಗೆ ದಯವಿಟ್ಟು ಸೂಪರ್ ಗ್ಲೂ ಹಾಕಬೇಡಿ

ಹೋದ ತಿಂಗಳು ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದ್ದು, ಅವರು ದಿನಾ ಶೂ ಹಾಕಿಕೊಂಡು ವಾಕಿಂಗ್ ಹೋಗುವವರಾದರೆ ಇದನ್ನು ಪೂರ್ತಿ ಓದಿ.

ನಾನು ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತ ವಾರಕ್ಕೆ ನಾಲ್ಕು ದಿನ ಓಡುತ್ತೇನೆ. ಅಪ್ಪನೂ ನನ್ನ ಜೊತೆ ಬಂದು ಅವರ ಪಾಡಿಗೆ ನಡೆಯುತ್ತಾರೆ. ಅವರಿಗೆ 71 ವರ್ಷ, ಸಕ್ಕರೆ ಕಾಯಿಲೆ ಶುರುವಾಗಿ 16 ವರ್ಷ. ನಮ್ಮಿಬ್ಬರ ಪಾದವೂ ಒಂದೇ ಥರ, ಮುಂದೆ ಅಗಲ. ಹಾಗಾಗಿ ಶೂ ಹರಿಯುವುದೂ ಒಂದೇ ಕಡೆ. ಅಡಿ ಇನ್ನೂ ಗಟ್ಟಿಮುಟ್ಟಾಗಿರುತ್ತದೆ, ಕಿರುಬೆರಳಿನ ಪಕ್ಕದ ಜಾಲರಿ ಬಟ್ಟೆ ಮಾತ್ರ ಬಾಯಿ ಬಿಟ್ಟಿರುತ್ತದೆ.

ಒಂದು ಭಾನುವಾರ ಸಂಜೆ ಎರಡು ಜೊತೆಯನ್ನೂ ಮುಂದಿಟ್ಟುಕೊಂಡು ಕೂತೆ. ಮನೆಯಲ್ಲಿ ಕ್ಷಣದಲ್ಲಿ ಅಂಟುವ ಸೂಪರ್ ಗ್ಲೂ ಇತ್ತು. ಹರಿದ ಅಂಚುಗಳನ್ನು ಬೆರಳಲ್ಲಿ ಹತ್ತಿರ ತಂದು ನಾಲ್ಕು ಹನಿ ಬಿಟ್ಟೆ. ಅರ್ಧ ನಿಮಿಷದಲ್ಲಿ ತೂತು ಮುಚ್ಚಿಹೋಯಿತು. ಅಪ್ಪನ ಶೂಗೂ ಹಾಗೇ ಮಾಡಿದೆ. ಹೊರಗಿನಿಂದ ನೋಡಿದರೆ ಎಷ್ಟು ಚೆನ್ನಾಗಿತ್ತು ಅಂದರೆ, ಒಳಗೆ ಕೈ ಹಾಕಿ ನೋಡಬೇಕು ಅಂತ ನನಗೆ ಅನ್ನಿಸಲೇ ಇಲ್ಲ.

ಬುಧವಾರ ಓಡುವಾಗ ಕಿರುಬೆರಳ ಹತ್ತಿರ ಏನೋ ಚುಚ್ಚಿದಂತಾಯಿತು. ಮಣ್ಣು ಹೋಗಿರಬೇಕು ಅಂದುಕೊಂಡು ಮುಂದೆ ಹೋದೆ. ಸ್ವಲ್ಪ ಹೊತ್ತಿಗೆ ಉರಿ ತಡೆಯಲಾಗದೆ ನಿಂತು ಶೂ ಬಿಚ್ಚಿದೆ. ಸಾಕ್ಸ್ ಕೆಂಪಾಗಿತ್ತು. ಶೂ ಒಳಗೆ ಬೆರಳಾಡಿಸಿದೆ. ಜಾಲರಿಯ ಎಳೆಗಳು ಗೋಂದನ್ನು ಹೀರಿಕೊಂಡು ಹೇನು ಬಾಚಣಿಗೆಯ ಹಲ್ಲಿನಂತೆ ಗಟ್ಟಿಯಾಗಿದ್ದವು. ಹೆಜ್ಜೆ ಹಾಕಿದಾಗ ಶೂ ಮಡಚುತ್ತದಲ್ಲ, ಸರಿಯಾಗಿ ಆ ಗೆರೆಯಲ್ಲಿ ಗೋಂದು ಬಿರುಕು ಬಿಟ್ಟಿತ್ತು. ಬಿರುಕಿನ ಒಂದು ಅಂಚು ಒಳಮುಖವಾಗಿ ಎದ್ದು ನಿಂತಿತ್ತು. ಒಡೆದ ಉಗುರಿನಷ್ಟು ಚೂಪು.

ಆಗ ಅಪ್ಪನ ನೆನಪಾಯಿತು. ಒಂದೇ ಕಾಲಿಗೆ ಶೂ ಹಾಕಿಕೊಂಡು ಹಿಂದಕ್ಕೆ ಓಡಿದೆ. ಅವರು ಬೆಂಚಿನ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದರು.

“ಅಪ್ಪ, ಶೂ ಬಿಚ್ಚಿ.”

“ಯಾಕಮ್ಮ, ಏನಾಯ್ತು?”

“ಬೆರಳು ನೋಯ್ತಿಲ್ವಾ ನಿಮಗೆ?”

“ಇಲ್ವಲ್ಲ. ಚೆನ್ನಾಗೇ ಇದೆ.”

ಸಾಕ್ಸ್ ತೆಗೆದರೆ ಕಿರುಬೆರಳಿನ ಪಕ್ಕ ಹುರುಳಿಕಾಳಿನಷ್ಟು ಗಾಯ. ಸುತ್ತಲೂ ಚರ್ಮ ಬೆಳ್ಳಗೆ ನೆನೆದುಹೋಗಿತ್ತು. ಸೋಮವಾರದಿಂದ ಮೂರು ದಿನ ಅವರು ಅದೇ ಶೂನಲ್ಲಿ ನಡೆದಿದ್ದರು. ಅವರಿಗೆ ಗೊತ್ತೇ ಆಗಿರಲಿಲ್ಲ.

ಸಕ್ಕರೆ ಕಾಯಿಲೆ ಹಳೆಯದಾದಂತೆ ಎಷ್ಟೋ ಜನರಿಗೆ ಪಾದದ ನರಗಳು ಸೋತು ಸ್ಪರ್ಶ, ನೋವು ಕಡಿಮೆಯಾಗುತ್ತದೆ. ರಕ್ತ ಓಡಾಟವೂ ಕಡಿಮೆಯಾದರೆ ಗಾಯ ಬೇಗ ಮಾಯುವುದಿಲ್ಲ. ಸೋಂಕು ತಗುಲಿದರೆ ಬೆರಳನ್ನೇ ಕಳೆದುಕೊಳ್ಳುವ ಪರಿಸ್ಥಿತಿ ಬರಬಹುದು. ಇದೆಲ್ಲ ನನಗೆ ಕೇಳಿ ಗೊತ್ತಿತ್ತು. ಆದರೂ ಶೂಗೂ ಇದಕ್ಕೂ ಸಂಬಂಧ ಇದೆ ಅಂತ ಆ ಭಾನುವಾರ ಹೊಳೆಯಲಿಲ್ಲ. ಅಪ್ಪನನ್ನು ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಗಾಯ ಮಾಯಲು 19 ದಿನ ಬೇಕಾಯಿತು. ಅಷ್ಟು ದಿನ ವಾಕಿಂಗ್ ಇಲ್ಲ, ದಿನಾ ಡ್ರೆಸ್ಸಿಂಗ್. ನಡಿಗೆ ನಿಂತಿದ್ದಕ್ಕೆ ಶುಗರ್ ಕೂಡ ಏರಿತು.

ಸೂಪರ್ ಗ್ಲೂ ಕೆಟ್ಟ ವಸ್ತು ಅಂತಲ್ಲ. ಒಡೆದ ಪಿಂಗಾಣಿಗೆ ಅದು ಸರಿ. ಆದರೆ ಒಣಗಿದ ಮೇಲೆ ಅದು ಗಾಜಿನಂತೆ ಗಟ್ಟಿ, ಬಾಗುವುದಿಲ್ಲ. ಓಟದ ಶೂನ ಮೇಲ್ಭಾಗ ಒಂದೊಂದು ಹೆಜ್ಜೆಗೂ ಮಡಚಲೇಬೇಕು. ಇನ್ನೊಂದು ವಿಷಯ, ಹತ್ತಿ ಬಟ್ಟೆಗೆ ಈ ಗೋಂದು ಜಾಸ್ತಿ ತಾಗಿದರೆ ಥಟ್ಟನೆ ಬಿಸಿಯಾಗಿ ಚರ್ಮ ಸುಡುತ್ತದೆ. ಶೂ ಒಳಗೆ ಹತ್ತಿ ಬಟ್ಟೆ ಇಟ್ಟು ಇದನ್ನು ಸುರಿಯುವ ಯೋಚನೆ ಇದ್ದರೆ ಅದನ್ನೂ ಬಿಟ್ಟುಬಿಡಿ. ಹರಿದ ಎಳೆಗಳನ್ನು ಬೆಂಕಿಕಡ್ಡಿಯಿಂದ ಸುಡುವ ಅಭ್ಯಾಸವೂ ಹಲವರಿಗಿದೆ. ಜಾಲರಿ ಹೆಚ್ಚಾಗಿ ಪಾಲಿಯೆಸ್ಟರ್ ಅಥವಾ ನೈಲಾನ್. ಸುಟ್ಟರೆ ಕರಗಿ ಸಾಸಿವೆಯಂಥ ಗಟ್ಟಿ ಗಂಟಾಗುತ್ತದೆ. ಅದೂ ಬೆರಳನ್ನು ಉಜ್ಜುತ್ತದೆ.

ನನ್ನ ಶೂವನ್ನು ಅಗ್ರಹಾರದ ಹತ್ತಿರ ಚಪ್ಪಲಿ ರಿಪೇರಿ ಮಾಡುವ ಅಜ್ಜನ ಬಳಿ ತೆಗೆದುಕೊಂಡು ಹೋದೆ. ಅವರು ಗೋಂದಿನ ಜಾಗವನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದರು. “ಇದು ಚರ್ಮ ಅಲ್ಲ ಕಣವ್ವ, ಬಲೆ. ಬಲೆಗೆ ಗೋಂದು ಕುಡಿಸಿದ್ರೆ ಕಲ್ಲಾಗ್ತದೆ. ಒಳಗಿಂದ ಬಟ್ಟೆ ಕೊಡ್ಬೇಕು,” ಅಂದರು. ಆಮೇಲೆ ಅವರು ಕೇಳಿದ ಪ್ರಶ್ನೆ ನನಗೆ ತುಂಬ ಉಪಕಾರ ಮಾಡಿತು. “ಹೋದ ಸಲದ ಶೂನೂ ಇಲ್ಲೇ ಹರಿದಿತ್ತಾ?”

ಹೌದು, ಅಲ್ಲೇ ಹರಿದಿತ್ತು. ಅದರ ಹಿಂದಿನದೂ ಅಲ್ಲೇ.

ಒಂದೇ ಜಾಗ ಮತ್ತೆ ಮತ್ತೆ ಹರಿಯುತ್ತಿದ್ದರೆ ಬಟ್ಟೆಯನ್ನು ಬೈದು ಪ್ರಯೋಜನವಿಲ್ಲ. ಶೂ ಪಾದಕ್ಕೆ ಕಿರಿದಾಗಿದೆ ಅಂತ ಅರ್ಥ. ಶೂ ಒಳಗಿನ ಅಟ್ಟೆಯನ್ನು ಹೊರಗೆ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಂತು ನೋಡಿ. ಕಿರುಬೆರಳು ಅಂಚು ದಾಟಿ ಹೊರಗೆ ಹೋಗುತ್ತಿದ್ದರೆ, ಓಡುವಾಗ ಅದು ಇಡೀ ಹೊತ್ತು ಜಾಲರಿಯನ್ನು ತಳ್ಳುತ್ತಿರುತ್ತದೆ. ನನ್ನದು ಅರ್ಧ ಬೆರಳಿನಷ್ಟು ಹೊರಗಿತ್ತು. ಇದು ನಮ್ಮಿಬ್ಬರ ಮನೆತನದ ಪಾದದ ಕಥೆ ಮಾತ್ರ ಅಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021 ಮತ್ತು 2022ರಲ್ಲಿ ದೇಶದ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಸಿತು. ನಮ್ಮವರ ಪಾದ ಸಾಮಾನ್ಯವಾಗಿ ಅಗಲ ಅಂತ ಅದರಲ್ಲಿ ಕಂಡುಬಂತು. ಅಂಗಡಿಯಲ್ಲಿ ನಾವು ಕೇಳುವುದು ಮಾತ್ರ ಇಂಗ್ಲೆಂಡಿನ ಅಥವಾ ಅಮೆರಿಕದ ಸೈಜು. ಅಗಲಕ್ಕೆ ಸಾಲದೆ ಒಂದು ಸೈಜು ಉದ್ದದ್ದು ತೆಗೆದುಕೊಳ್ಳುತ್ತೇವೆ. ಆಗ ಹಿಮ್ಮಡಿ ಸಡಿಲವಾಗಿ ಹಿಂದೆ ಉಜ್ಜುತ್ತದೆ. ಕೆಲವು ಕಂಪನಿಗಳು ಅದೇ ಉದ್ದದಲ್ಲಿ ಅಗಲದ ಮಾದರಿ ಮಾಡುತ್ತವೆ. ಗಂಡಸರ ಶೂನಲ್ಲಿ ಡಬಲ್ ಇ ಅಥವಾ 2ಇ ಅಂದರೆ ಅಗಲದ್ದು. ಕೇಳಿ ತೆಗೆದುಕೊಳ್ಳಿ. ಸಂಜೆ ಹೊತ್ತು ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಓಡುವಾಗ ಹಾಕುವ ಸಾಕ್ಸನ್ನೇ ಹಾಕಿಕೊಂಡು ನೋಡಿ.

ಹೆಬ್ಬೆರಳಿನ ಮೇಲೆ ತೂತು ಬಿದ್ದರೆ ಕಾರಣ ಬೇರೆ. ಕೆಲವರಿಗೆ ಹೆಜ್ಜೆ ಎತ್ತುವಾಗ ಹೆಬ್ಬೆರಳು ಮೇಲಕ್ಕೆ ಎದ್ದುಕೊಳ್ಳುತ್ತದೆ. ಉಗುರು ಬೆಳೆದಿದ್ದರಂತೂ ಅರದಂತೆ ಕೆಲಸ ಮಾಡುತ್ತದೆ. ಹಿಮ್ಮಡಿಯ ಒಳಬಟ್ಟೆ ಹರಿಯುವುದಕ್ಕೆ ನಮ್ಮ ಆತುರವೇ ಜಾಸ್ತಿ ಕಾರಣ. ಲೇಸ್ ಬಿಚ್ಚದೆ ಒಂದು ಕಾಲಿಂದ ಇನ್ನೊಂದರ ಹಿಮ್ಮಡಿ ಮೆಟ್ಟಿ ಶೂ ಕಳಚುತ್ತೇವಲ್ಲ, ಅದು. ಅಲ್ಲಿ ಬಟ್ಟೆ ಹೋದರೆ ಒಳಗಿನ ಗಟ್ಟಿ ಹಾಳೆ ಹೊರಬಂದು ಕಾಲು ತಿನ್ನುತ್ತದೆ. ವಾಷಿಂಗ್ ಮಷೀನಿಗೆ ಹಾಕುವುದು, ಸುಡುಬಿಸಿಲಿಗೆ ಒಣಗಿಸುವುದು ಎರಡೂ ಬೇಡ. ಮೆತ್ತನೆ ಬ್ರಷ್, ತಣ್ಣೀರು, ಒಳಗೆ ಪೇಪರ್ ತುರುಕಿ ನೆರಳಲ್ಲಿಡಿ, ಸಾಕು.

ಈಗ ರಿಪೇರಿ. ತೂತು ಕಡಲೆಕಾಳಿನಷ್ಟಿರುವಾಗಲೇ ಮಾಡಿದರೆ ಉಳಿಯುತ್ತದೆ, ಹೆಬ್ಬೆರಳು ತೂರುವಷ್ಟಾದ ಮೇಲೆ ಕಷ್ಟ. ಶೂ ತೊಳೆದು ಪೂರ್ತಿ ಒಣಗಿಸಿ. ಜೋತುಬಿದ್ದ ಎಳೆಗಳನ್ನು ಕತ್ತರಿಯಿಂದ ಕತ್ತರಿಸಿ. ಹಳೆಯ ಆಟದ ಟೀ ಶರ್ಟಿನ ತೆಳು ಬಟ್ಟೆ ತೆಗೆದುಕೊಂಡು, ತೂತಿಗಿಂತ ಸುತ್ತಲೂ ಅರ್ಧ ಇಂಚು ದೊಡ್ಡದಾಗಿ ಕತ್ತರಿಸಿ. ಮೂಲೆಗಳನ್ನು ದುಂಡಗೆ ಮಾಡಿ, ಚೌಕವಾಗಿದ್ದರೆ ಮೂಲೆ ಎದ್ದುಬರುತ್ತದೆ. ಅಜ್ಜ ಬಳಸಿದ್ದು ರಬ್ಬರ್ ಸೊಲ್ಯೂಷನ್, ಒಣಗಿದ ಮೇಲೂ ಬಾಗುತ್ತದೆ. ಶೂ ಒಳಗೂ ಬಟ್ಟೆಗೂ ಎರಡೂ ಕಡೆ ತೆಳ್ಳಗೆ ಬಳಿದು ಹತ್ತು ನಿಮಿಷ ಬಿಟ್ಟರು. ಬೆರಳಿಗೆ ಅಂಟದಂತಾದ ಮೇಲೆ ಒಳಗಿನಿಂದ ಒತ್ತಿದರು. ಒದ್ದೆ ಇರುವಾಗಲೇ ಒತ್ತುವುದು ನಾವೆಲ್ಲ ಮಾಡುವ ತಪ್ಪು. ಒಳಗೆ ಪೇಪರ್ ತುಂಬಿಸಿ ಒಂದು ದಿನ ಮುಟ್ಟಬೇಡ ಅಂದರು.

ಮಾರನೇ ದಿನ ಹೊಲಿಗೆ. ಹರಿದ ಅಂಚಿಗೇ ಸೂಜಿ ಹಾಕಬಾರದು, ಅಲ್ಲಿ ಎಳೆಗೆ ಶಕ್ತಿ ಇರುವುದಿಲ್ಲ. ಸ್ವಲ್ಪ ದೂರದಲ್ಲಿ ಗಟ್ಟಿ ಇರುವ ಜಾಲರಿಗೆ, ತೆಳು ಸೂಜಿಯಿಂದ, ಪಾಲಿಯೆಸ್ಟರ್ ದಾರದಲ್ಲಿ ಹೊಲಿಯಬೇಕು. ಜಗ್ಗಿ ಬಿಗಿಯಬೇಡಿ, ಬಿಗಿದರೆ ದಾರವೇ ಜಾಲರಿಯನ್ನು ಕೊಯ್ಯುತ್ತದೆ. ಗಂಟು ಹೊರಗಡೆ ಬರಲಿ, ಚಂದ ಕೆಟ್ಟರೂ ಪರವಾಗಿಲ್ಲ. ಆಮೇಲೆ ಕಿರುಬೆರಳ ಪಕ್ಕದ ಲೇಸ್ ತೂತನ್ನು ಒಂದು ಬಿಟ್ಟು ಕಟ್ಟಿದೆ, ಒತ್ತಡ ಕಡಿಮೆಯಾಯಿತು. ನನ್ನ ಶೂ ಈಗ ಓಡುತ್ತಿದೆ. ಹಾಗಂತ 500ರಿಂದ 800 ಕಿಲೋಮೀಟರ್ ಓಡಿ ಅಡಿಯ ಫೋಮ್ ಸತ್ತುಹೋಗಿದ್ದರೆ ಮೇಲ್ಭಾಗಕ್ಕೆ ಇಷ್ಟೆಲ್ಲ ಮಾಡಬೇಡಿ. ಸುಮ್ನೆ ಮಂಡಿ ನೋವು ತಂದುಕೊಳ್ಳುತ್ತೀರಿ.

ಅಪ್ಪನ ಶೂ ರಿಪೇರಿ ಮಾಡಿಸಲಿಲ್ಲ. ಪಾದದಲ್ಲಿ ಸ್ಪರ್ಶ ಕಡಿಮೆ ಇರುವವರ ಶೂಗೆ ಬೆರಳ ಹತ್ತಿರ ತೇಪೆಯೂ ಬೇಡ, ಹೊಲಿಗೆಯೂ ಬೇಡ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಎಷ್ಟು ಚೆನ್ನಾಗಿ ಮಾಡಿದರೂ ಒಳಗೆ ಒಂದು ಏಣು ಉಳಿಯುತ್ತದೆ, ಅದು ಅವರಿಗೆ ತಿಳಿಯುವುದಿಲ್ಲ. ಮುಂದೆ ಅಗಲವಿರುವ ಹೊಸ ಜೊತೆ ತಂದೆವು. ಈಗ ಅವರು ಹಾಕಿಕೊಳ್ಳುವ ಮುಂಚೆ ಶೂ ತಲೆಕೆಳಗೆ ಮಾಡಿ ಕೊಡವಿ, ಒಳಗೆಲ್ಲ ಕೈಯಾಡಿಸುತ್ತಾರೆ. ರಾತ್ರಿ ನಾನು ಟಾರ್ಚ್ ಹಿಡಿದು ಬೆರಳ ಸಂದಿ ನೋಡುತ್ತೇನೆ.

ಹಳೆಯ ಜೊತೆಯನ್ನು ಮನೆಗೆಲಸದವರ ಯಜಮಾನರಿಗೆ ಕೊಡೋಣ ಅಂತ ಅಮ್ಮ ಹೇಳಿದರು. ಬೇಡ ಅಂದೆ. ಕತ್ತರಿ ಹಿಡಿದು ಎರಡೂ ಶೂಗಳ ಮುಂಭಾಗ ಕತ್ತರಿಸಿಯೇ ಬಿಸಾಡಿದೆ. ನೀವು ಈಗಾಗಲೇ ಯಾರದ್ದಾದರೂ ಶೂಗೆ ಈ ಗೋಂದು ಹಾಕಿದ್ದರೆ ನಾಳೆ ಬೆಳಗಿನವರೆಗೆ ಕಾಯಬೇಡಿ. ಇವತ್ತೇ ಒಳಗೆ ಬೆರಳು ಹಾಕಿ ನೋಡಿ.