ಟೈಪಿಂಗ್ ಚೆನ್ನಾಗಿದೆ, ಕತ್ತರಿ ಯಾರು ಕೇಳಿದ್ದರು?

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಡಿಟಿಪಿ ಅಂಗಡಿ, ಹೆಸರು ಬೇಡ ಬಿಡಿ. ನಮ್ಮ ಆಯಿ ಆಳಂದ ಕಡೆಯವರು. ಮದುವೆಯಲ್ಲಿ ಬೀಗರನ್ನು ಛೇಡಿಸಲು ಅವರು ಹಾಡುತ್ತಿದ್ದ ಹಾಡುಗಳನ್ನು ನಾನು ಎರಡು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ, ಅದನ್ನು ಟೈಪ್ ಮಾಡಿಸಿ ಸ್ಪೈರಲ್ ಬೈಂಡಿಂಗ್ ಹಾಕಿಸೋಣ ಅಂತ ಕೊಟ್ಟೆ. 52 ಪುಟ, ಪುಟಕ್ಕೆ 30 ರೂಪಾಯಿ. ಹೇಳಿದ ದಿನಕ್ಕೇ ಕೊಟ್ಟರು, ಒಂದು ಒತ್ತಕ್ಷರವೂ ತಪ್ಪಿರಲಿಲ್ಲ.

ಮನೆಗೆ ಬಂದು ತೆರೆದರೆ ನನ್ನ ಮುನ್ನುಡಿಯ ಮೊದಲ ಸಾಲಲ್ಲೇ ‘ಕಾರ್ಹಿಂಭಾಗ ಮಾಸದಲ್ಲಿ’ ಅಂತಿದೆ. ಕೆಳಗೆ ‘ಸಾಂಸ್ಕೃಹಿಂಭಾಗ’. ಇದೇನಪ್ಪಾ ಅಂತ ಹಾಡುಗಳಿಗೆ ಬಂದಾಗ ಗೊತ್ತಾಯ್ತು. ಆಯಿಯ ‘ಬೀಗಿತ್ತಿ ತಿಕಕ್ಕ ತಿಗಣಿ ಕಡಿತೋ’ ಈಗ ‘ಬೀಗಿತ್ತಿ ಹಿಂಭಾಗಕ್ಕ ತಿಗಣಿ ಕಡಿತೋ’ ಆಗಿದೆ! ಪುಣ್ಯಾತ್ಮ ಫೈಂಡ್ ಅಂಡ್ ರಿಪ್ಲೇಸ್ ಹೊಡೆದು ಇಡೀ ಫೈಲನ್ನು ಶುದ್ಧ ಮಾಡಿದ್ದಾನೆ, ಕಾರ್ತಿಕ ಮಾಸವನ್ನೂ ಬಿಟ್ಟಿಲ್ಲ. ಇನ್ನೂ ಖಾರದ ಪದಗಳಿದ್ದ ಕಡೆ ಬರೀ ಚುಕ್ಕಿ. ಹನ್ನೊಂದನೇ ಹಾಡಿನಲ್ಲಿ ಪದಕ್ಕಿಂತ ಚುಕ್ಕಿಯೇ ಜಾಸ್ತಿ, ಓದಿದವರು ಮೂಲಕ್ಕಿಂತ ಹೊಲಸಾದದ್ದನ್ನೇ ಊಹಿಸಿಕೊಳ್ಳಬೇಕು, ಹಂಗಿದೆ.

ಹೋಗಿ ಕೇಳಿದರೆ, “ಮನ್ಯಾಗ ಹೆಣ್ಮಕ್ಕಳು ಓದ್ತಾರಲ್ರೀ ಸರ, ಅದಕ್ಕ ತಗದೀನಿ” ಅಂದ. ಅಲ್ಲಪ್ಪಾ, ಇವನ್ನು ಕಟ್ಟಿದ್ದೂ ಹೆಣ್ಮಕ್ಕಳು, ಹಂದರದಲ್ಲಿ ಬೀಗರ ಮುಂದೆ ನಿಂತು ಹಾಡಿದ್ದೂ ಹೆಣ್ಮಕ್ಕಳು! ಇದು ಹೊಸ ಕಥೆಯೇನಲ್ಲ. ಗಾಯಕಿ ಬೆಂಗಳೂರು ನಾಗರತ್ನಮ್ಮ 1910ರಲ್ಲಿ ಹದಿನೆಂಟನೇ ಶತಮಾನದ ಕವಯಿತ್ರಿ ಮುದ್ದುಪಳನಿಯ ತೆಲುಗು ಶೃಂಗಾರ ಕಾವ್ಯವನ್ನು, ಹಿಂದಿನ ಮುದ್ರಣದಲ್ಲಿ ಕಿತ್ತುಹಾಕಿದ್ದ ಪದ್ಯಗಳನ್ನೂ ಸೇರಿಸಿ ಅಚ್ಚು ಹಾಕಿಸಿದ್ದಕ್ಕೆ ಬ್ರಿಟಿಷ್ ಸರ್ಕಾರ ಅಶ್ಲೀಲ ಅಂತ ಪ್ರತಿಗಳನ್ನೇ ಜಪ್ತಿ ಮಾಡಿತ್ತು. ಬರೆದವಳು ಹೆಂಗಸು, ಅಚ್ಚು ಹಾಕಿಸಿದವಳೂ ಹೆಂಗಸು, ಮುಜುಗರ ಮಾತ್ರ ಗಂಡಸರಿಗೆ.

ಹುಡುಗ ಒಳ್ಳೆಯವನೇ, ಜಗಳ ಆಡಲಿಲ್ಲ. ನೋಟ್‌ಬುಕ್ ನೋಡಿ ಚುಕ್ಕಿಗಳನ್ನೆಲ್ಲ ತುಂಬಿಸಿ ಮತ್ತೆ ಪ್ರಿಂಟ್ ತೆಗೆದುಕೊಟ್ಟ, ಎರಡನೇ ಸಲಕ್ಕೆ ದುಡ್ಡೂ ತಗೊಳ್ಳಲಿಲ್ಲ. ಆದ್ರೆ ‘ಹಿಂಭಾಗ’ಕ್ಕೆ ಮತ್ತೆ ಅದೇ ರಿಪ್ಲೇಸ್ ಬಟನ್ ಒತ್ತಿದ್ದಾನೆ. ಆಯಿಯ ಮನೆ ಬಗ್ಗೆ ನಾನು ‘ಮನೆಯ ಹಿಂಭಾಗದಲ್ಲಿ ಒಂದು ಬಾವಿ ಇತ್ತು’ ಅಂತ ಬರೆದಿದ್ದೆ. ಈಗ ಬಾವಿ ಎಲ್ಲಿದೆ ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ?

5ಕ್ಕೆ 3. ಅರ್ಜಿ, ರೆಸ್ಯೂಮ್ ಇದ್ದರೆ ಧೈರ್ಯವಾಗಿ ಹೋಗಿ.