ಮೈಸೂರು, ಮಂಡ್ಯದಲ್ಲಿ ಫ್ರೀಜರ್ ಬಾಕ್ಸ್ ಬಾಡಿಗೆ: ಪೆಟ್ಟಿಗೆಗಿಂತ ಜೊತೆಗೆ ಬರುವ ಹುಡುಗ ಮುಖ್ಯ

ಮಗನೋ ಮಗಳೋ ದೂರದಿಂದ ಬರುವವರೆಗೆ ದೇಹ ಇಟ್ಟುಕೊಳ್ಳಬೇಕಾದ ಮನೆಗೆ ಫ್ರೀಜರ್ ಬಾಕ್ಸ್ ಬೇಕೇ ಬೇಕು. ಪೆಟ್ಟಿಗೆ ಎಲ್ಲರ ಹತ್ತಿರವೂ ಹೆಚ್ಚುಕಡಿಮೆ ಒಂದೇ: ಒಳಗೆ ಸ್ಟೀಲ್ ಟ್ರೇ, ಮೇಲೆ ಪಾರದರ್ಶಕ ಮುಚ್ಚಳ, ಜೊತೆಗೊಂದು ಕಂಪ್ರೆಸರ್. ಪ್ಲಗ್ ಹಾಕಿ ಹೊರಟುಬಿಡುವವರೂ ಇದ್ದಾರೆ, ಕೊನೆಯವರೆಗೆ ಒಬ್ಬ ಹುಡುಗನನ್ನು ಬಿಟ್ಟುಹೋಗುವವರೂ ಇದ್ದಾರೆ. ಬಾಡಿಗೆ ಸ್ವಲ್ಪ ಹೆಚ್ಚಾದರೂ ಎರಡನೆಯವರನ್ನೇ ಕರೆಯಿರಿ. ಕಾರಣ ನೆಂಟರು.

ಬಂದವರೆಲ್ಲರದೂ ಒಂದೇ ಮಾತು: "ಮುಚ್ಚಳ ತೆಗೀರಿ, ಮುಖ ನೋಡ್ಬೇಕು." ತೆಗೆದಾಗಲೆಲ್ಲ ಹೊರಗಿನ ಬಿಸಿ, ತೇವದ ಗಾಳಿ ಒಳನುಗ್ಗುತ್ತದೆ. ಆ ತೇವ ಮುಚ್ಚಳದ ಮೇಲೆ, ಮುಖದ ಮೇಲೆ, ಬಟ್ಟೆಯ ಮೇಲೆ ನೀರಾಗಿ ಕೂರುತ್ತದೆ. ಮುಚ್ಚಳ ಮಂಜಾಗಿ ಮುಖ ಕಾಣದಾಗುತ್ತದೆ, ಮುಂದೆ ಬಂದವರು ಮತ್ತೆ ತೆಗೆಸುತ್ತಾರೆ. ಶವಾಗಾರದಲ್ಲಿ ಸಾಮಾನ್ಯವಾಗಿ 2ರಿಂದ 4 ಡಿಗ್ರಿ ಕಾಯ್ದುಕೊಳ್ಳುತ್ತಾರೆ. ಹೀಗೆ ತೆಗೆದು ಮುಚ್ಚುತ್ತಿದ್ದರೆ ಮನೆಯ ಪೆಟ್ಟಿಗೆ ಅದರ ಹತ್ತಿರಕ್ಕೂ ಬರುವುದಿಲ್ಲ. ಸಂಜೆಗೆ ವಾಸನೆ ಬಂದರೆ ಬೈಗುಳ ಮಾತ್ರ ಬಾಡಿಗೆಯವನಿಗೆ.

ಇದಕ್ಕಿಂತ ಕೆಟ್ಟದ್ದು ಫೋಟೊಗೆಂದು ತೆಗೆಸುವುದು. ಮುಚ್ಚಳದ ಮೇಲೆ ಟ್ಯೂಬ್‌ಲೈಟ್ ಹೊಳೆದು ಫೋಟೊ ಸರಿಯಾಗಿ ಬರುವುದಿಲ್ಲವೆಂದು ತೆಗೆಸಿ, ಹತ್ತಿರದಿಂದ ಮುಖ ಹಿಡಿದು ಸ್ಟೇಟಸ್‌ಗೆ ಹಾಕುತ್ತಾರೆ. ಇನ್ನೂ ಬಸ್ಸಿನಲ್ಲಿರುವ ಮಗಳು ಅಪ್ಪನ ಮುಖವನ್ನು ಮೊದಲು ನೋಡುವುದು ಅಲ್ಲಿ. ಇದನ್ನು ಯಾವ ಸಂಬಂಧದ ಹೆಸರಿನಲ್ಲೂ ಒಪ್ಪಲಾಗದು.

ಒಳ್ಳೆಯ ಹುಡುಗ ಮೆತ್ತಗೆ ಹೇಳುತ್ತಾನೆ: "ಅಮ್ಮ, ಮಣ್ಣಿಗೆ ಹೊರಡೋ ಮುಂಚೆ ಒಂದ್ಸಲ ತೆಗಿತೀವಿ, ಆಗ ಎಲ್ರೂ ನೋಡಿ." ಮನೆಯವರು ಹೇಳಿದರೆ ನಿಷ್ಠುರ, ಹೊರಗಿನವನು ಹೇಳಿದರೆ ನಿಯಮ. ಬುಕ್ ಮಾಡುವಾಗಲೇ ಈ ಮಾತು ಅವನಿಂದ ಬರಲಿ ಎಂದು ಕೇಳಿಕೊಳ್ಳಿ.

ಅವನು ನೋಡಿಕೊಳ್ಳಬೇಕಾದ್ದು ಇನ್ನೂ ಇದೆ. ದೇಹ ಇಡುವ ಮುನ್ನ ಅರ್ಧ ಗಂಟೆಯಾದರೂ ಪೆಟ್ಟಿಗೆ ಖಾಲಿ ಓಡಬೇಕು. ಕಂಪ್ರೆಸರ್ ಜಾಲರಿಯನ್ನು ಗೋಡೆಯಿಂದ ಒಂದಡಿ ದೂರವಿಡಬೇಕು. ಹಾರಗಳನ್ನು ಆ ಕಡೆಗೇ ರಾಶಿ ಹಾಕುತ್ತಾರೆ. ಜಾಲರಿ ಮುಚ್ಚಿದರೆ ಬಿಸಿ ಹೊರಹೋಗದೆ ಯಂತ್ರ ನಿಲ್ಲುತ್ತದೆ. ದೀಪ, ಊದುಬತ್ತಿ ಇನ್ನೊಂದು ತುದಿಗೆ. ಮನೆಯ ಚಿಕ್ಕ ಇನ್ವರ್ಟರ್ ನಂಬಬೇಡಿ, ಕಂಪ್ರೆಸರ್ ಶುರುವಾಗುವಾಗ ಒಮ್ಮೆಲೇ ಎಳೆಯುವ ಕರೆಂಟನ್ನು ಅದು ತಡೆಯುವುದು ಕಷ್ಟ. ಕರೆಂಟ್ ಹೋಗಿ ಬಂದರೆ ಮೂರು ನಿಮಿಷ ಬಿಟ್ಟು ಸ್ವಿಚ್ ಹಾಕಬೇಕು, ಒಳಗಿನ ಒತ್ತಡ ಇಳಿಯದೆ ಕಂಪ್ರೆಸರ್ ಮತ್ತೆ ಓಡದು.

ದೇಹವನ್ನು ಪೆಟ್ಟಿಗೆಗೆ ಇಡುವ ಮುನ್ನವೇ ಉಂಗುರ, ಓಲೆ, ಸರಗಳನ್ನು ಇಬ್ಬರ ಎದುರಿಗೆ ತೆಗೆದು ಬರೆದಿಡಿ. ದೇಹ ಸೆಟೆದ ಮೇಲೆ ಬೆರಳು ಎಳೆಯುತ್ತಾ ಯಾರಿಗೆ ಸೇರಬೇಕೆಂದು ಜಗಳವಾಡುವ ಮನೆಗಳಿವೆ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಸುಡುವ ಮೊದಲು ತೆಗೆಸಲೇಬೇಕು, ಚಿತೆಯಲ್ಲಾಗಲಿ ಗ್ಯಾಸ್ ಚಿತಾಗಾರದಲ್ಲಾಗಲಿ ಅದು ಸಿಡಿಯುತ್ತದೆ.

ಹುಡುಗನಿಂದ ಆಗದ ಕೆಲಸವೊಂದಿದೆ. ತೀರಿಹೋದವರ ಹೆಂಡತಿಯ ಪಕ್ಕ ಕೂತು "ಎಲ್‌ಐಸಿ ಎಷ್ಟಿತ್ತು" ಎಂದು ಕೇಳುವವರನ್ನು, ಆಕೆ ಬೇಡವೆಂದರೂ ಬಳೆ ಒಡೆಸಲು ಮುಂದಾಗುವವರನ್ನು ತಡೆಯಲು ಮನೆಯವರೇ ಒಬ್ಬರು ಆಕೆಯ ಬಳಿ ಕೂರಬೇಕು. ಶ್ರೀರಂಗಪಟ್ಟಣದ ಬಳಿಯ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡುವುದು, ತಿಥಿಯ ಅಡುಗೆ, ಇವುಗಳ ಚರ್ಚೆ ಬೇರೆ ಕೋಣೆಯಲ್ಲಿ ನಡೆಯಲಿ. ಮರಣ ನೋಂದಣಿಗೆ 21 ದಿನ ಅವಕಾಶವಿದೆ. ಆ ಕಾಗದಕ್ಕೂ ಹೆಣ ಎತ್ತುವ ಮುಂಚೆ ಆಕೆಯ ಸಹಿ ಕೇಳಬೇಕಿಲ್ಲ.